ಹುಳು ಒಂದೇ, ಹೆಸರು ಮೂರು: ಮೇಫ್ಲೈಗಳ ಹೆಸರು ಯಾಕೆ ಬದಲಾಗುತ್ತಿರುತ್ತದೆ?

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಎಂಟು ವರ್ಷದಿಂದ ಮಕ್ಕಳ ಜೊತೆ ನಮ್ಮೂರ ಹಳ್ಳಕ್ಕೆ ಇಳಿದು, ಕಲ್ಲು ಎತ್ತಿ, ಅಡಿಯಲ್ಲಿರುವ ಹುಳುಗಳನ್ನು ನೋಡಿ ಬರೆದಿಡುತ್ತಿದ್ದೇವೆ. ಮೇಫ್ಲೈ ಮರಿಗಳೇ ಜಾಸ್ತಿ. ಮೊದಲು ನಮ್ಮಲ್ಲಿದ್ದ ಪಟ್ಟಿಯಲ್ಲಿ ಒಂದು ಹುಳುವಿಗೆ ‘ಬೇಟಿಸ್ ಜೆಮಿನೇಟಸ್’ ಎಂದಿತ್ತು. ಇನ್ನೊಂದು ಪಟ್ಟಿಯಲ್ಲಿ ‘ಸ್ಯೂಡೋಕ್ಲೀಯಾನ್ ಜೆಮಿನೇಟಮ್’ ಎಂದಿದೆ. ಈಗ ಸಿಕ್ಕಿದ ಪಟ್ಟಿಯಲ್ಲಿ ‘ಲೇಬಿಯೊಬೇಟಿಸ್ ಜೆಮಿನೇಟಸ್’. ಕೊನೆಯಲ್ಲಿ ಬರುವ ವಿಜ್ಞಾನಿಗಳ ಹೆಸರಿಗೆ ಒಂದು ಕಡೆ ಬ್ರಾಕೆಟ್ ಇದೆ, ಒಂದು ಕಡೆ ಇಲ್ಲ. ಇವು ಮೂರೂ ಒಂದೇ ಹುಳುವಾ? ನಮ್ಮ ನೋಟ್‌ಬುಕ್ ಎಲ್ಲ ದಂಡವಾಯಿತಾ? ‘ವಿಜ್ಞಾನಿಗಳಿಗೇ ಸರಿಯಾಗಿ ಗೊತ್ತಿಲ್ವಾ ಸರ್’ ಎಂದು ಮಕ್ಕಳು ಕೇಳಿದರೆ ಏನು ಹೇಳಲಿ? ಇನ್ನೊಂದು ವಿಷಯ. ಮೇಲಿನ ಝರಿಯಲ್ಲಿ ಒಂದು ಕಪ್ಪು ಮರಿ ಸಿಗುತ್ತದೆ, ಯಾವ ಪಟ್ಟಿಗೂ ಹೊಂದುತ್ತಿಲ್ಲ. ಅದು ಹೊಸದಾದರೆ ನಮ್ಮೂರ ಹೆಸರು ಇಡಬಹುದಾ?

ಉತ್ತರ: ಮೇಷ್ಟ್ರೇ, ಹೌದು, ಮೂರೂ ಒಂದೇ ಹುಳು. ನೋಟ್‌ಬುಕ್ ದಂಡವಾಗಿಲ್ಲ. ಆದರೆ ನಾನೂ ಒಂದು ಕೇಳಬೇಕು. ಬರೆದಿಟ್ಟ ಹಾಗೇ ಹುಳುಗಳನ್ನೂ ಎತ್ತಿಟ್ಟಿದ್ದೀರಾ? ಸ್ಪಿರಿಟ್ ತುಂಬಿದ ಸಣ್ಣ ಬಾಟಲಿಯಲ್ಲಿ, ಚೀಟಿ ಹಾಕಿ? ನಿಮ್ಮ ಎಂಟು ವರ್ಷದ ದಾಖಲೆಗೆ ಎಷ್ಟು ಬೆಲೆ ಅನ್ನುವುದು ಅದರ ಮೇಲೆ ನಿಂತಿದೆ. ಯಾಕೆ ಎಂದು ಮುಂದೆ ಹೇಳುತ್ತೇನೆ.

ಮೇಫ್ಲೈ ಅಂದರೆ ಏನೆಂದು ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಮಳೆ ಶುರುವಾದಾಗ ದೀಪಕ್ಕೆ ಮುತ್ತುವ ಈಸಲು ಅಲ್ಲ ಇದು. ಈಸಲು ಗೆದ್ದಲಿನ ರೆಕ್ಕೆ ಬಂದ ರೂಪ, ನೆಲದಿಂದ ಏಳುತ್ತದೆ. ಮೇಫ್ಲೈ ನೀರಿನಿಂದ ಏಳುತ್ತದೆ. ಕೂತಾಗ ರೆಕ್ಕೆಯನ್ನು ಬೆನ್ನಿನ ಮೇಲೆ ನೆಟ್ಟಗೆ ನಿಲ್ಲಿಸಿಕೊಳ್ಳುತ್ತದೆ. ಹಿಂದೆ ಎರಡು ಅಥವಾ ಮೂರು ಉದ್ದನೆಯ ಬಾಲದ ಎಳೆ. ಬಾಳಿನ ಬಹುಭಾಗ ಮರಿಯಾಗಿ ನೀರಿನೊಳಗೆ ಕಳೆಯುತ್ತದೆ, ಹೊಟ್ಟೆಯ ಎರಡೂ ಪಕ್ಕ ಕಿವಿರು ಇರುತ್ತದೆ. ರೆಕ್ಕೆ ಬಂದ ಮೇಲೆ ಊಟವೇ ಇಲ್ಲ. ಬಾಯಿ ಕೆಲಸಕ್ಕೆ ಬರುವುದಿಲ್ಲ. ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನ, ಅಷ್ಟೇ ಆಯಸ್ಸು. ಅಮೆರಿಕದ ‘ಡೊಲಾನಿಯಾ ಅಮೆರಿಕಾನಾ’ ಎಂಬ ಮೇಫ್ಲೈಯ ಹೆಣ್ಣಿಗೆ ಐದು ನಿಮಿಷವೂ ಸಿಗುವುದಿಲ್ಲ. ರೆಕ್ಕೆ ಬಂದ ಮೇಲೆಯೂ ಇನ್ನೊಮ್ಮೆ ಪೊರೆ ಬಿಡುವ ಕೀಟ ಇಂದು ಭೂಮಿಯ ಮೇಲೆ ಇದೊಂದೇ. ಜಗತ್ತಿನಲ್ಲಿ ಇವುಗಳ 3,000ಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರಿಟ್ಟಿದ್ದಾರೆ.

ಈಗ ನಿಮ್ಮ ಮಕ್ಕಳ ಪ್ರಶ್ನೆ. ಇದು ಒಳ್ಳೆಯ ಪ್ರಶ್ನೆ, ಗದರಿಸಿ ಕೂರಿಸಬೇಡಿ.

ಮಲೆನಾಡಿನಲ್ಲಿ ಜನರನ್ನು ಮನೆ ಹೆಸರು ಹಿಡಿದು ಕರೆಯುತ್ತೇವೆ ಅಲ್ವಾ? ‘ಮೇಲಿನಮನೆ ಮಂಜಪ್ಪ’ ಅಂದರೆ ಮಂಜಪ್ಪ ಆತನ ಹೆಸರು, ಮೇಲಿನಮನೆ ಆತನ ಮನೆತನ. ಹುಳುವಿನ ವೈಜ್ಞಾನಿಕ ಹೆಸರೂ ಹಾಗೇ. ಮೊದಲ ಪದ ಕುಲ, ಅದು ಮನೆತನ. ಎರಡನೆಯದು ಆ ಹುಳುವಿನ ಸ್ವಂತ ಹೆಸರು. ಜೆಮಿನೇಟಸ್ ಅನ್ನುವುದು ಸ್ವಂತ ಹೆಸರು. ಕೊನೆಯ ಅಕ್ಷರ ಬಿಟ್ಟರೆ ನಿಮ್ಮ ಮೂರು ಪಟ್ಟಿಯಲ್ಲೂ ಅದು ಬದಲಾಗಿಲ್ಲ, ನೋಡಿ. ಬದಲಾಗಿದ್ದು ಮನೆತನ. ಅಂದರೆ ಹುಳು ಯಾರು ಎಂಬುದರಲ್ಲಿ ಗೊಂದಲ ಇರಲಿಲ್ಲ. ಅದರ ನೆಂಟರು ಯಾರು ಎಂಬುದರಲ್ಲಿ ಇತ್ತು. ಕುಲದ ಹೆಸರು ಬರೀ ಗುರುತಿನ ಚೀಟಿ ಅಲ್ಲ, ‘ಇದು ಇಂಥವರ ಸಂಬಂಧಿ’ ಎಂಬ ಒಂದು ಮಾತು. ಆ ಮಾತು ಸರಿ ಇಲ್ಲ ಎಂದು ಗೊತ್ತಾದ ಮೇಲೂ ಹಳೆಯ ಹೆಸರನ್ನೇ ಇಟ್ಟುಕೊಂಡರೆ, ಸುಳ್ಳು ಎಂದು ತಿಳಿದೂ ಹೇಳಿದ ಹಾಗೆ.

ನಿಮ್ಮ ಹುಳುವಿನ ಕಥೆಯನ್ನೇ ತೆಗೆದುಕೊಳ್ಳೋಣ. ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಮೇಫ್ಲೈಗಳನ್ನೆಲ್ಲ ಒಂದೇ ಮನೆಗೆ ಸೇರಿಸಿದ್ದರು, ಅದರ ಹೆಸರು ‘ಎಫೆಮೆರಾ’. 1815ರಲ್ಲಿ ಇಂಗ್ಲೆಂಡಿನ ಲೀಚ್ ಅದರಿಂದ ‘ಬೇಟಿಸ್’, ‘ಕ್ಲೀಯಾನ್’ ಎಂಬ ಮನೆಗಳನ್ನು ಬೇರೆ ಮಾಡಿದರು. ಆಮೇಲೆ ಬೇಟಿಸ್ ಬೆಳೆಯುತ್ತಾ ಹೋಯಿತು. ಯುರೋಪಿನ ಹೊಳೆ, ಜಪಾನಿನ ಹೊಳೆ, ಆಫ್ರಿಕಾದ ಹೊಳೆ, ಎಲ್ಲಿ ಸಣ್ಣ ಮೀನಿನ ಹಾಗೆ ಚುರುಕಾಗಿ ಈಜುವ ಮರಿ ಕಂಡರೂ ಬೇಟಿಸ್ ಎಂದು ಬರೆಯುವುದು ರೂಢಿಯಾಯಿತು. ಶ್ರೀಲಂಕಾದ ಹುಳುಗಳನ್ನು ಕೂತು ನೋಡಿದವರು ಜರ್ಮನಿಯ ಇಂಗ್ರಿಡ್ ಮ್ಯುಲ್ಲರ್-ಲೀಬೆನಾವ್. ಯುರೋಪಿನ ಬೇಟಿಸ್‌ಗಳ ಬಗ್ಗೆ 1969ರಲ್ಲೇ ದೊಡ್ಡ ಪರಿಷ್ಕರಣೆ ಬರೆದಿದ್ದ ಹೆಣ್ಣುಮಗಳು. ಅವರು ಮತ್ತು ಹಬರ್ಡ್ ಎಂಬ ಇನ್ನೊಬ್ಬ ವಿಜ್ಞಾನಿ 1985ರಲ್ಲಿ ಶ್ರೀಲಂಕಾದಿಂದ ನಿಮ್ಮ ಹುಳುವಿಗೆ ಬೇಟಿಸ್ ಜೆಮಿನೇಟಸ್ ಎಂದು ಹೆಸರಿಟ್ಟರು.

ಎರಡು ವರ್ಷಕ್ಕೆ, 1987ರಲ್ಲಿ, ರಷ್ಯಾದ ನೊವಿಕೋವಾ ಮತ್ತು ಕ್ಲೂಗೆ ಬೇಟಿಸ್‌ನ ಒಳಗಿಂದ ಒಂದು ಗುಂಪನ್ನು ಬೇರೆ ತೆಗೆದರು. ಈ ಗುಂಪಿನ ಮರಿಗಳ ಮೀಸೆಯ ಬುಡದ ಗೆಣ್ಣಿಗೆ ಹೊರಮಗ್ಗುಲಲ್ಲಿ ಒಂದು ಸಣ್ಣ ಉಬ್ಬು ಇರುತ್ತದೆ. ಕೆಳತುಟಿಯ ಪಕ್ಕದ ಗೆಣ್ಣು ಒಳಕ್ಕೆ ಹೆಬ್ಬೆರಳಿನ ಹಾಗೆ ಚಾಚಿರುತ್ತದೆ. ಲ್ಯಾಟಿನ್‌ನಲ್ಲಿ ತುಟಿಗೆ ‘ಲೇಬಿಯಮ್’ ಎನ್ನುತ್ತಾರೆ, ಹಾಗಾಗಿ ಹೊಸ ಮನೆಗೆ ಲೇಬಿಯೊಬೇಟಿಸ್ ಎಂಬ ಹೆಸರು. ಜೆಮಿನೇಟಸ್ ಈ ಮನೆಗೆ ಬಂತು.

ಇಲ್ಲಿಗೇ ಮುಗಿದಿದ್ದರೆ ಸುಲಭವಿತ್ತು. 1905ರಲ್ಲಿ ಚೆಕ್ ವಿಜ್ಞಾನಿ ಕ್ಲಪಾಲೆಕ್ ಜಾವಾ ದ್ವೀಪದ ಒಂದು ಹುಳುವಿಗೆ ‘ಸ್ಯೂಡೋಕ್ಲೀಯಾನ್’ ಎಂಬ ಕುಲ ಕಟ್ಟಿದ್ದರು. 1999ರಲ್ಲಿ ಲೂಗೊ-ಓರ್ಟಿಸ್, ಮೆಕ್ಯಾಫರ್ಟಿ, ವಾಲ್ಟ್ಜ್ ಎಂಬ ಮೂವರು ‘ಆ ಜಾವಾ ಹುಳುವೂ ಲೇಬಿಯೊಬೇಟಿಸ್ ಗುಂಪಿನದ್ದೇ’ ಎಂದು ವಾದ ಮಂಡಿಸಿದರು. ಎರಡು ಮನೆ ಒಂದೇ ಎಂದಾದರೆ ಯಾವ ಹೆಸರು ಉಳಿಯಬೇಕು? ನಿಯಮ ಸರಳ: ಮೊದಲು ಇಟ್ಟ ಹೆಸರು. 1905 ಹಳೆಯದು, 1987 ಹೊಸದು. ಹಾಗಾಗಿ ಲೇಬಿಯೊಬೇಟಿಸ್ ಹೋಗಿ ಎಲ್ಲವೂ ಸ್ಯೂಡೋಕ್ಲೀಯಾನ್ ಆದವು. ನಿಮ್ಮ ಎರಡನೇ ಪಟ್ಟಿ ಆ ಕಾಲದ ವರ್ಗೀಕರಣವನ್ನು ಹಿಡಿದದ್ದು. ಮುಂದೆ ಬೇರೆಯವರು ಇದನ್ನು ಒಪ್ಪಲಿಲ್ಲ, ಲೇಬಿಯೊಬೇಟಿಸ್ ವಾಪಸ್ಸು ಬಂತು. ಈಗ ಆ ಕುಲದಲ್ಲಿ 100ಕ್ಕೂ ಹೆಚ್ಚು ಪ್ರಭೇದಗಳಿವೆ.

ನಾನೂ ವಾಪಸ್ಸು ತಂದವರ ಕಡೆಯವನೇ. 1905ರ ವಿವರಣೆ ಬರೆದದ್ದು ರೆಕ್ಕೆ ಬಂದ ಹುಳುವನ್ನು ನೋಡಿ. ಲೇಬಿಯೊಬೇಟಿಸ್ ಗುಂಪು ನಿಂತಿರುವುದು ಮರಿಯ ಬಾಯಿ, ಮೀಸೆಗಳ ಮೇಲೆ. ಮರಿಯ ಲಕ್ಷಣದ ಮೇಲೆ ಕಟ್ಟಿದ ಇಷ್ಟು ದೊಡ್ಡ ಮನೆಯನ್ನು ಅಂಥ ಅಡಿಪಾಯದ ಮೇಲೆ ಎತ್ತಿಡುವುದು ನನಗೆ ಸರಿ ಕಾಣುವುದಿಲ್ಲ.

ಈ ಮರಿ–ವಯಸ್ಕ ಎಂಬ ಎರಡು ಬದುಕು ಮೇಫ್ಲೈ ಹೆಸರುಗಳಲ್ಲಿನ ಗೊಂದಲಕ್ಕೆ ದೊಡ್ಡ ಕಾರಣ. ಹಿಂದಿನವರು ಬಲೆ ಬೀಸಿ ರೆಕ್ಕೆಯ ಹುಳು ಹಿಡಿದು ಹೆಸರಿಟ್ಟರು. ನಮ್ಮ ಕಾಲದವರು ಕಲ್ಲು ಎತ್ತಿ ಮರಿ ಹಿಡಿದು ಹೆಸರಿಡುತ್ತಾರೆ. ಇದು ಅದರ ಮರಿ ಎಂದು ಜೋಡಿಸುವ ತನಕ ಒಂದೇ ಜೀವಕ್ಕೆ ಎರಡು ಹೆಸರು ಇದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಜೋಡಿಸುವುದಕ್ಕೆ ಮರಿಯನ್ನು ಸಾಕಿ ರೆಕ್ಕೆ ಬರಿಸಬೇಕು, ಇಲ್ಲವೇ ಎರಡರ ಡಿಎನ್‌ಎ ಹೋಲಿಸಬೇಕು.

ಜೆಮಿನೇಟಸ್ ಯಾಕೆ ನಡುವೆ ಜೆಮಿನೇಟಮ್ ಆಯಿತು? ಲ್ಯಾಟಿನ್ ವ್ಯಾಕರಣದಲ್ಲಿ ಕುಲದ ಹೆಸರಿಗೆ ಲಿಂಗ ಇದೆ. ವಿಶೇಷಣ ಅದರ ಜೊತೆ ಹೋಗಬೇಕು. ಕನ್ನಡದ ದೊಡ್ಡವನು, ದೊಡ್ಡವಳು, ದೊಡ್ಡದು ಇದ್ದ ಹಾಗೆ. ಬೇಟಿಸ್ ಗಂಡು ಪದ, ಕ್ಲೀಯಾನ್ ನಪುಂಸಕ. ಅಷ್ಟೇ ವ್ಯತ್ಯಾಸ. ಕಂಪ್ಯೂಟರಿನಲ್ಲಿ ಹುಡುಕುವಾಗ ಎರಡೂ ರೂಪದಲ್ಲಿ ಹುಡುಕಿ.

ಬ್ರಾಕೆಟ್ ಕೂಡ ಅರ್ಥವಿಲ್ಲದ್ದಲ್ಲ. ‘ಲೇಬಿಯೊಬೇಟಿಸ್ ಜೆಮಿನೇಟಸ್ (ಮ್ಯುಲ್ಲರ್-ಲೀಬೆನಾವ್ ಮತ್ತು ಹಬರ್ಡ್, 1985)’ ಎಂದು ಬರೆದರೆ, ‘1985ರಲ್ಲಿ ಹೆಸರಿಟ್ಟವರು ಇವರು, ಆದರೆ ಆಗ ಇದು ಬೇರೆ ಕುಲದಲ್ಲಿತ್ತು’ ಎಂದು ತಿಳಿಯಬೇಕು. ಬ್ರಾಕೆಟ್ ಇಲ್ಲದಿದ್ದರೆ ಹುಟ್ಟಿದ ಮನೆಯಲ್ಲೇ ಇದೆ ಎಂದರ್ಥ. ಹುಳುವನ್ನು ಒಂದು ಕುಲದಿಂದ ಇನ್ನೊಂದಕ್ಕೆ ದಾಟಿಸಿದವರ ಹೆಸರನ್ನು ಪ್ರಾಣಿಶಾಸ್ತ್ರದಲ್ಲಿ ಬರೆಯುವ ಪದ್ಧತಿ ಇಲ್ಲ. ಸಸ್ಯಶಾಸ್ತ್ರದವರು ಬರೆಯುತ್ತಾರೆ.

ಹೆಸರಿಡುವುದಕ್ಕೆ ಅಂತರರಾಷ್ಟ್ರೀಯ ನಿಯಮಾವಳಿ ಇದೆ. ಅದರ ನಾಲ್ಕನೇ ಆವೃತ್ತಿ 2000ದ ಜನವರಿ 1ರಿಂದ ಜಾರಿಯಲ್ಲಿದೆ. ತುಂಬಾ ಜನ ತಪ್ಪು ತಿಳಿಯುವ ಒಂದು ಸಂಗತಿ ಹೇಳಬೇಕು. ಯಾವ ಹುಳು ಯಾವ ಕುಲಕ್ಕೆ ಸೇರಬೇಕು ಎಂದು ಈ ನಿಯಮಾವಳಿ ಹೇಳುವುದೇ ಇಲ್ಲ. ‘ನೀವು ಹೀಗೆ ಸೇರಿಸಿದರೆ ಹೆಸರು ಹೀಗಿರಬೇಕು’ ಎಂದಷ್ಟೇ ಹೇಳುತ್ತದೆ. ಸೇರಿಸುವುದೋ ಬಿಡುವುದೋ ಆಧಾರ ಕೊಟ್ಟು ವಾದಿಸಬೇಕಾದ ವಿಷಯ. ತೀರ್ಪು ಕೊಡುವ ಕೋರ್ಟ್ ಇಲ್ಲ. ಅದಕ್ಕೇ ಒಂದೇ ವರ್ಷದ ಎರಡು ಪಟ್ಟಿಯಲ್ಲಿ ಎರಡು ಹೆಸರು ಕಾಣಬಹುದು, ಎರಡೂ ನಿಯಮದ ಪ್ರಕಾರ ಸರಿಯೇ ಇರಬಹುದು. ಮಕ್ಕಳಿಗೆ ಇದನ್ನು ಹೀಗೇ ಹೇಳಿ. ದೊಡ್ಡವರಿಗಿಂತ ಬೇಗ ಅರ್ಥ ಮಾಡಿಕೊಳ್ಳುತ್ತಾರೆ.

ಹಾಗಾದರೆ ಹೆಸರು ಗಾಳಿಯಲ್ಲಿ ಹಾರುತ್ತಿರುತ್ತದಾ? ಇಲ್ಲ. ಅದಕ್ಕೊಂದು ಗೂಟ ಇದೆ. ಪ್ರತಿ ಪ್ರಭೇದದ ಹೆಸರೂ ಒಂದು ನಿಜವಾದ ಹುಳುವಿಗೆ ಕಟ್ಟಿಕೊಂಡಿರುತ್ತದೆ. ಆ ಒಂದೇ ಒಂದು ಹುಳುವಿಗೆ ಹೋಲೋಟೈಪ್ ಎನ್ನುತ್ತಾರೆ. ಅದನ್ನು ಸಂಗ್ರಹಾಲಯದಲ್ಲಿ ಇಟ್ಟಿರುತ್ತಾರೆ. ತೋಟದವರಿಗೆ ಸರ್ವೆ ಕಲ್ಲು ಗೊತ್ತಲ್ಲ, ಹಾಗೆ. ಪಹಣಿಯಲ್ಲಿ ಹೆಸರು ಎಷ್ಟು ಸಲ ಬದಲಾದರೂ ಅಳತೆಗೆ ಕಲ್ಲಿನ ಹತ್ತಿರವೇ ಬರಬೇಕು. ಒಂದು ಪ್ರಭೇದ ಎಂದುಕೊಂಡದ್ದು ನಿಜವಾಗಿ ಎರಡು ಎಂದು ತಿಳಿದರೆ, ಹೋಲೋಟೈಪ್ ಯಾವ ಭಾಗದಲ್ಲಿದೆಯೋ ಆ ಭಾಗಕ್ಕೆ ಹಳೆಯ ಹೆಸರು. ಉಳಿದದ್ದಕ್ಕೆ ಹೊಸ ಹೆಸರು ಇಡಬೇಕು.

ನಮ್ಮ ಪಶ್ಚಿಮ ಘಟ್ಟಕ್ಕೆ ಇದು ಬಹಳ ಮುಖ್ಯ. ನಮ್ಮ ಹೊಳೆಯ ಎಷ್ಟೋ ಹುಳುಗಳನ್ನು ಶ್ರೀಲಂಕಾದಿಂದ ಬಂದ ಹೆಸರಿನಲ್ಲಿ ಗುರುತಿಸುತ್ತೇವೆ. ಆದರೆ ಚೆನ್ನಾಗಿ ನೋಡಿದಾಗ ಬೇರೆ ಎಂದು ತಿಳಿದ ಉದಾಹರಣೆ ಇದೆ. ‘ಟೆಲೊಗನೋಡಿಸ್’ ಎಂಬ ಕುಲದ್ದು ಸೊಗಸಾದ ಕಥೆ. ಇದರ ಸಂಬಂಧಿಗಳು ಮಡಗಾಸ್ಕರ್ ಮತ್ತು ದಕ್ಷಿಣ ಆಫ್ರಿಕಾದ ಹೊಳೆಗಳಲ್ಲಿವೆ, ಭೂಖಂಡಗಳು ಅಂಟಿಕೊಂಡಿದ್ದ ಕಾಲದ ಗುರುತು. ಮೊದಲು ಇವನ್ನು ‘ಎಫೆಮೆರೆಲ್ಲಿಡೇ’ ಎಂಬ ಬೇರೆ ಕುಟುಂಬದ (ಕುಟುಂಬ ಅಂದರೆ ಹಲವು ಕುಲಗಳು ಸೇರಿದ ದೊಡ್ಡ ಗುಂಪು) ಒಂದು ಕವಲು ಎಂದು ತಿಳಿದಿದ್ದರು. 1997ರಲ್ಲಿ ಸ್ವಂತ ಕುಟುಂಬ ಎಂದು ಬೇರೆ ಮಾಡಿದರು. 2008ರಲ್ಲಿ ಸ್ವಿಟ್ಜರ್ಲೆಂಡಿನ ಮಿಶೆಲ್ ಸಾರ್ತೋರಿ ಮತ್ತು ಸಂಗಡಿಗರು ಏಷ್ಯಾದ ಹುಳುಗಳನ್ನೆಲ್ಲ ಮತ್ತೆ ತೆರೆದು ನೋಡಿದರು. ಆಗ ದಕ್ಷಿಣ ಭಾರತದ ಒಂದಕ್ಕೆ ‘ಟೆಲೊಗನೋಡಿಸ್ ಕೊಡೈ’ ಎಂಬ ಹೆಸರು ಬಂತು, ಕೊಡೈಕನಾಲ್‌ನ ಕೊಡೈ. 2014ರಲ್ಲಿ ಸೆಲ್ವಕುಮಾರ್, ಶಿವರಾಮಕೃಷ್ಣನ್, ಜೇಕೋಬಸ್ ಇನ್ನೊಂದನ್ನು ಬೇರೆ ಮಾಡಿ, ಸಾರ್ತೋರಿಯವರ ಗೌರವಕ್ಕೆ ‘ಟೆಲೊಗನೋಡಿಸ್ ಸಾರ್ತೋರಿಯೈ’ ಎಂದು ಕರೆದರು.

ಯುರೋಪಿನಲ್ಲೂ ಹೀಗೆ ಆಗಿದೆ. ಅಲ್ಲಿ ಎಲ್ಲ ಹೊಳೆಯಲ್ಲೂ ಸಿಗುವ ‘ಬೇಟಿಸ್ ರೊಡಾನಿ’ಗೆ 1843ರಲ್ಲಿ ಹೆಸರಿಟ್ಟಿದ್ದರು. 2006ರಲ್ಲಿ ಡಿಎನ್‌ಎ ನೋಡಿದಾಗ ಆ ಒಂದು ಹೆಸರಿನ ಅಡಿಯಲ್ಲಿ ಹಲವು ಬೇರೆ ಬೇರೆ ವಂಶಗಳು ಸಿಕ್ಕವು. ಕಣ್ಣಿಗೆ ಎಲ್ಲ ಒಂದೇ ಥರ. ಅಷ್ಟು ವರ್ಷ, ಅಷ್ಟು ಜನ ನೋಡಿದ ಹುಳುವಿಗೇ ಹೀಗಾದರೆ, ನಮ್ಮ ಹಳ್ಳಗಳಲ್ಲಿ ಏನೆಲ್ಲ ಇದ್ದೀತು!

ಇಲ್ಲೇ ನಿಮ್ಮ ಕಡೆಯ ವಿಶೇಷ ಹೇಳಬೇಕು. ಜಾವಳಿಯ ಹತ್ತಿರ ಹುಟ್ಟುವ ಹೇಮಾವತಿ ಗೊರೂರು ಅಣೆಕಟ್ಟೆ ದಾಟಿ ಕಾವೇರಿ ಸೇರುತ್ತದೆ. ಕಳಸದ ಕಡೆಯ ಹಳ್ಳಗಳು ಭದ್ರೆಗೆ ಬಿದ್ದು ಕೊನೆಗೆ ಕೃಷ್ಣೆಗೆ ಹೋಗುತ್ತವೆ. ಚಾರ್ಮಾಡಿ ಘಾಟಿ ಇಳಿದರೆ ನೀರೆಲ್ಲ ನೇತ್ರಾವತಿಗೆ, ಪಡುಗಡಲಿಗೆ. ಒಂದು ದಿನ ಬೈಕಿನಲ್ಲಿ ಸುತ್ತಿದರೆ ಮೂರು ನದಿಯ ನೀರು ಮುಟ್ಟಬಹುದು. ಮೇಫ್ಲೈ ಮರಿ ಗುಡ್ಡ ಹತ್ತಿ ಇನ್ನೊಂದು ಹೊಳೆಗೆ ಇಳಿಯುವುದಿಲ್ಲ. ರೆಕ್ಕೆ ಬಂದ ಹುಳುವೂ ಬಲವಾದ ಹಾರಾಟಗಾರ ಅಲ್ಲ, ಆಯಸ್ಸೂ ಇಲ್ಲ. ಹಾಗಾಗಿ ಒಂದೇ ಗುಡ್ಡದ ಆಚೆ ಈಚೆ ಬದಿಯ ಹುಳುಗಳು ಬಹಳ ಕಾಲದಿಂದ ಬೇರೆಯಾಗಿ ಬದುಕಿರಬಹುದು. ನಿಮ್ಮ ನೋಟ್‌ಬುಕ್ಕಿನಲ್ಲಿ ‘ನಮ್ಮೂರ ಹಳ್ಳ’ ಎಂದು ಮಾತ್ರ ಬರೆದಿದ್ದರೆ, ದಯವಿಟ್ಟು ಇವತ್ತೇ ‘ಯಾವ ಹೊಳೆಗೆ ಸೇರುವ ಹಳ್ಳ’ ಎಂದೂ ಸೇರಿಸಿ. ಮುಂದೆ ಯಾರಾದರೂ ಇದನ್ನು ಬಳಸುವಾಗ ಅದೊಂದು ಸಾಲು ಪ್ರಭೇದದ ಹೆಸರಿಗಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಈಗ ಬಾಟಲಿಯ ವಿಷಯ. ಪ್ರಭೇದದ ಹೆಸರು ಒಡೆದಾಗ, ಬರೀ ಬರಹವಿದ್ದರೆ ನಿಮ್ಮ ಹುಳು ಯಾವ ಭಾಗದ್ದು ಎಂದು ಯಾರೂ ಹೇಳಲಾರರು. ಹುಳು ಇದ್ದರೆ ಮತ್ತೆ ತೆರೆದು ನೋಡಬಹುದು. ನಾನು ಇದನ್ನು ಕಷ್ಟಪಟ್ಟು ಕಲಿತೆ. ಕೆಲಸ ಶುರುಮಾಡಿದ ಕಾಲದಲ್ಲಿ ಸಕಲೇಶಪುರದ ಕಡೆಯ ಹಳ್ಳಗಳಿಂದ ನಲವತ್ತು ಬಾಟಲಿ ತುಂಬಿದ್ದೆ. ಚೀಟಿಯನ್ನು ಬಾಲ್ ಪೆನ್ನಿನಲ್ಲಿ ಬರೆದು ಒಳಗೆ ಹಾಕಿದ್ದೆ. ಆಲ್ಕೋಹಾಲ್ ಶಾಯಿಯನ್ನು ಕರಗಿಸಿಬಿಟ್ಟಿತು. ಆರು ತಿಂಗಳಿಗೆ ನೋಡಿದರೆ ನಲವತ್ತು ಬಿಳಿ ಚೀಟಿ, ನೀಲಿ ನೀರು. ಹುಳುಗಳು ಚೆನ್ನಾಗೇ ಇದ್ದವು, ಆದರೆ ಎಲ್ಲಿಯವು ಎಂದು ಹೇಳುವ ಹಾಗಿಲ್ಲ. ಆ ದಿನದ ಸಂಕಟ ಇವತ್ತಿಗೂ ಹೋಗಿಲ್ಲ. ನೀವು ಪೆನ್ಸಿಲ್‌ನಲ್ಲೇ ಬರೆಯಿರಿ. ಊರು, ಹಳ್ಳ, ಅದು ಸೇರುವ ನದಿ, ದಿನಾಂಕ, ಹಿಡಿದವರ ಹೆಸರು. ಚೀಟಿ ಬಾಟಲಿಯ ಒಳಗೇ ಇರಲಿ, ಹೊರಗೆ ಅಂಟಿಸಿದ್ದು ಮಳೆಗಾಲಕ್ಕೆ ಉದುರುತ್ತದೆ. ಆಲ್ಕೋಹಾಲ್ ಶೇ. 80 ಇದ್ದರೆ ರೂಪ ಕೆಡುವುದಿಲ್ಲ. ಡಿಎನ್‌ಎ ನೋಡಬೇಕಾದರೆ ಶೇ. 95 ಅಥವಾ ಅದಕ್ಕೂ ಮೇಲೆ ಬೇಕು. ವರ್ಷಕ್ಕೊಮ್ಮೆ ಆರಿಹೋಗಿದೆಯಾ ಎಂದು ನೋಡಿ ತುಂಬಿಸಿ.

ನೋಟ್‌ಬುಕ್ಕಿನಲ್ಲಿ ಹಳೆಯ ಹೆಸರನ್ನು ಹೊಡೆದುಹಾಕಬೇಡಿ. ಪಕ್ಕದಲ್ಲಿ ಹೊಸದನ್ನು ಬರೆದು, ಯಾವ ಪಟ್ಟಿ ನೋಡಿ ಬರೆದಿರಿ, ಯಾವತ್ತು ಬರೆದಿರಿ ಎಂದು ಸೇರಿಸಿ. ಹಳೆಯ ಹೆಸರಿನಲ್ಲೂ ಒಂದು ಮಾಹಿತಿ ಇದೆ: ಆಗ ನೀವು ಯಾವ ಲಕ್ಷಣ ನೋಡಿ ಗುರುತಿಸಿದಿರಿ ಎಂಬುದು. ಇದೇ ರೀತಿ ನಿಮ್ಮ ಪಟ್ಟಿಯಲ್ಲಿ ‘ಬೇಟಿಸ್ ಫ್ರೀಕ್ವೆಂಟಸ್’ ಎಂದಿದ್ದರೆ ಅದು ಈಗ ‘ಟೆನ್ಯುಬೇಟಿಸ್ ಫ್ರೀಕ್ವೆಂಟಸ್’.

ಹಳ್ಳದ ನೀರು ಹೇಗಿದೆ ಎಂದು ತಿಳಿಯುವುದಷ್ಟೇ ನಿಮ್ಮ ಉದ್ದೇಶವಾದರೆ, ಕುಟುಂಬದ ಮಟ್ಟದಲ್ಲಿ ನಿಲ್ಲಿಸಿದರೂ ಸಾಕು. ಕಲ್ಲಿಗೆ ಚಪ್ಪಟೆಯಾಗಿ ಅಂಟಿಕೊಳ್ಳುವ ‘ಹೆಪ್ಟಜೆನಿಡೇ’ ಕುಟುಂಬಕ್ಕೆ ಬ್ರಿಟನ್ನಿನ ಹಳೆಯ ನೀರಿನ ಅಂಕಪಟ್ಟಿಯಲ್ಲಿ 10 ಅಂಕ ಇತ್ತು, ನಿಮ್ಮ ಜೆಮಿನೇಟಸ್ ಸೇರಿದ ‘ಬೇಟಿಡೇ’ಗೆ 4. ಕೊಳೆ ಸೇರಿದಾಗ ಮೊದಲು ಮಾಯವಾಗುವುದು ಯಾರು, ತಡೆದು ನಿಲ್ಲುವುದು ಯಾರು ಎಂಬ ಲೆಕ್ಕ ಅದು: ಅಂಕ ಹೆಚ್ಚಾದಷ್ಟೂ ಹುಳು ಬೇಗ ಮಾಯ. ಕಾಫಿ ಹಣ್ಣು ಕೊಯ್ದು ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಓಡುವ ಕಾಲದಲ್ಲಿ ಆ ನೀರು ನೇರ ಹಳ್ಳಕ್ಕೆ ಬಿದ್ದರೆ ಆಮ್ಲಜನಕ ಕುಸಿಯುತ್ತದೆ. ಆಗ ಪಲ್ಪರ್‌ನ ಮೇಲೆ ಒಂದು ಕಡೆ, ಕೆಳಗೆ ಒಂದು ಕಡೆ ಕಲ್ಲು ಎತ್ತಿ ಚಪ್ಪಟೆ ಮರಿಗಳನ್ನು ಎಣಿಸಿ. ಕುಲದ ಹೆಸರು ಎಷ್ಟೇ ಬದಲಾದರೂ ಈ ಎಣಿಕೆಗೆ ಏನೂ ಆಗುವುದಿಲ್ಲ.

ಇನ್ನು ನಿಮ್ಮ ಕಪ್ಪು ಮರಿ. ಊರ ಹೆಸರು ಖಂಡಿತ ಇಡಬಹುದು. ಕೊಡೈ ಹೇಳಿದೆನಲ್ಲ, ಕುಟ್ರಾಲಂ ಜಲಪಾತದ ಹೆಸರಿನಲ್ಲಿ 1984ರ ‘ಪೀಟರ್ಸುಲಾ ಕೋರ್ಟಲೆನ್ಸಿಸ್’ ಇದೆ. ಕನ್ನಡದ ಪದವನ್ನೂ ಬಳಸಬಹುದು, ಲ್ಯಾಟಿನ್ ಅಕ್ಷರದಲ್ಲಿ ಬರೆಯಬೇಕು ಅಷ್ಟೇ. ಆದರೆ ಹೆಸರಿಡುವುದು ಕೊನೆಯ ಕೆಲಸ. ಮೊದಲು ಹತ್ತಿರದ ಪ್ರಭೇದಗಳ ಹೋಲೋಟೈಪ್‌ಗಳ ಜೊತೆ, ಇಲ್ಲವೇ ಅವುಗಳ ಮೂಲ ವಿವರಣೆಯ ಜೊತೆ ಹೋಲಿಸಬೇಕು. ಬಾಯಿಯ ಭಾಗಗಳನ್ನು ಬಿಡಿಸಿ ಸ್ಲೈಡ್ ಮಾಡಬೇಕು. ಒಂದನ್ನು ಹೋಲೋಟೈಪ್ ಎಂದು ಗುರುತಿಸಿ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದಂಥ ಸಂಸ್ಥೆಗೆ ಒಪ್ಪಿಸಬೇಕು. ಆಮೇಲೆ ಪ್ರಕಟಿಸಬೇಕು. ಬಣ್ಣ ಒಂದನ್ನೇ ನಂಬಬೇಡಿ. ಹೊರಬರುವ ಮೊದಲು ಎಷ್ಟೋ ಮರಿಗಳು ಕಪ್ಪಾಗುತ್ತವೆ, ಬಂಡೆಯ ಬಣ್ಣಕ್ಕೆ ತಕ್ಕ ಹಾಗೂ ಬದಲಾಗುತ್ತವೆ.

ಝರಿ ನಿಮ್ಮ ಅಥವಾ ಪರಿಚಯದವರ ತೋಟದೊಳಗೆ ಇದ್ದರೆ ಒಂದು ಪ್ರಯತ್ನ ಮಾಡಿ. ಅರಣ್ಯದೊಳಗಾದರೆ ಇಲಾಖೆಯ ಅನುಮತಿ ಇಲ್ಲದೆ ಒಂದು ಹುಳುವನ್ನೂ ಹಿಡಿಯಬೇಡಿ. ಮಳೆ ಇಳಿದ ಮೇಲೆ, ಬೆನ್ನಿನ ಮೇಲಿನ ರೆಕ್ಕೆ ಮೊಗ್ಗು ಪೂರ್ತಿ ಕಪ್ಪಾದ ನಾಲ್ಕೈದು ಮರಿ ಆರಿಸಿ. ಸೊಳ್ಳೆ ಪರದೆ ಬಟ್ಟೆ ಹೊಲಿದ ಸಣ್ಣ ಬೋನಿಗೆ ಬಿಟ್ಟು, ಅರ್ಧ ನೀರಿನಲ್ಲಿ ಅರ್ಧ ಮೇಲೆ ಇರುವ ಹಾಗೆ ಅದೇ ಝರಿಯಲ್ಲಿ ಕಟ್ಟಿ. ಸಂಜೆ ಬೆಳಿಗ್ಗೆ ಮಕ್ಕಳು ಹೋಗಿ ನೋಡಲಿ. ಮಂಕು ರೆಕ್ಕೆಯ ಹುಳು ಹೊರಬಂದರೆ ಕೂಡಲೇ ಆಲ್ಕೋಹಾಲ್‌ಗೆ ಹಾಕಬೇಡಿ. ಇನ್ನೊಂದು ಪೊರೆ ಬಿಟ್ಟು ರೆಕ್ಕೆ ಗಾಜಿನ ಹಾಗೆ ಆಗುವ ತನಕ ಕಾಯಿರಿ. ಆಮೇಲೆ ಹುಳು, ಮರಿ ಬಿಟ್ಟ ಪೊರೆ, ಎರಡನ್ನೂ ಒಂದೇ ಬಾಟಲಿಗೆ ಹಾಕಿ. ಚೀಟಿಯಲ್ಲಿ ಕುಟುಂಬದ ಹೆಸರು ಮಾತ್ರ ಬರೆಯಿರಿ, ಕುಲದ ಜಾಗ ಖಾಲಿ ಬಿಡಿ. ಗಂಡು ಸಿಕ್ಕರೆ ಬಹಳ ಒಳ್ಳೆಯದು, ಏಕೆಂದರೆ ವಯಸ್ಕ ಹುಳುಗಳಲ್ಲಿ ಪ್ರಭೇದ ಬೇರೆ ಮಾಡುವ ಲಕ್ಷಣಗಳು ಹೆಚ್ಚಾಗಿ ಗಂಡಿನ ಹೊಟ್ಟೆಯ ತುದಿಯಲ್ಲಿರುತ್ತವೆ. ಅಂಥ ಒಂದು ಜೋಡಿ ಸಿಕ್ಕ ದಿನ ನನಗೆ ಬರೆಯಿರಿ. ಹಾಸನದಿಂದ ಮೂಡಿಗೆರೆ ದೂರವೇನಲ್ಲ, ಮೈಕ್ರೋಸ್ಕೋಪ್ ತೆಗೆದುಕೊಂಡು ನಾನೇ ಬರುತ್ತೇನೆ. ನಿಮ್ಮ ಮಕ್ಕಳ ಎದುರಿಗೇ ಅದರ ತುಟಿ ಬಿಡಿಸಿ ನೋಡೋಣ.